ಅಟ್ಟ ಇಳಿಸುವ ನಾಲ್ಕು ದಿನ

ಹಂಡೆಯ ಒಲೆಗೆ ಕರಟ ಒಡ್ಡಬೇಕು. ಕೊಟ್ಟಿಗೆ ಬಾಚಿ, ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬರಬೇಕು. ಬಾಗಿಲಿಗೆ ನೀರು, ರಂಗೋಲಿ. ತಮ್ಮನ ಪೂಜೆಗೆ ವಿಭೂತಿ, ಬಿಲ್ವಪತ್ರೆ. ತಮ್ಮನ ಹೆಂಡತಿ ಉಷಾರಾಣಿ ಸ್ಕೂಲಿಗೆ ಒಯ್ಯುವ ಡಬ್ಬಿಗೆ ಚಪಾತಿ. ಇಷ್ಟಾದ ಮೇಲೆ ಬೆಳಕು ಹರಿಯುತ್ತದೆ. ಮನೆಯಲ್ಲಿ ಯಾರೂ ಇದನ್ನು ಕೆಲಸ ಅನ್ನುವುದಿಲ್ಲ. "ಅಕ್ಕ ಎದ್ದಿದ್ದಾಳೆ" ಅನ್ನುತ್ತಾರೆ.

ಸುಮಿತ್ರಮ್ಮನಿಗೆ ಐವತ್ತಮೂರು. ಮದುವೆ ಬೇಡವೆಂದು ಅರಸೀಕೆರೆ ಪಕ್ಕದ ಈ ತೋಟದ ಮನೆಯಲ್ಲೇ ಉಳಿದವಳು. ತಮ್ಮ ಚನ್ನಬಸವಯ್ಯ ಕೆಟ್ಟವನಲ್ಲ. ಮನೆಯಲ್ಲಿ ಮಾತಿಗೂ ಬರವಿಲ್ಲ: ಉಪ್ಪು ಕಮ್ಮಿ, ಟವೆಲ್ ಎಲ್ಲಿ, ಮೋಟರ್ ಆಫ್ ಮಾಡು. ಅವಳ ಮಾತು ಕೇಳುವವರು ಮಾತ್ರ ಇಲ್ಲ.

ಅಟ್ಟಕ್ಕೇರಿದ ತೆಂಗಿನಕಾಯಿ ಹನ್ನೊಂದು ತಿಂಗಳು ಕತ್ತಲಲ್ಲಿ ಒಣಗಿ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಡಲೊಡ. ಆಗ ಕಾಯಿಯನ್ನೆಲ್ಲ ಕೆಳಗೆ ತಂದು ಅಟ್ಟ ಇಳಿಸುತ್ತಾರೆ. ಚಿಪ್ಪು ಬಿಡಿಸಲು ಹನುಮಮ್ಮ, ಚಲುವಮ್ಮ, ಇನ್ನೂ ಆರು ಹೆಂಗಸರು ನಾಲ್ಕು ದಿನ ಅಂಗಳದಲ್ಲಿ ಕೂರುತ್ತಾರೆ. ಆ ನಾಲ್ಕು ದಿನ ಸುಮಿತ್ರಮ್ಮ ಅವರಿಗೆ ಗ್ರೀಕ್ ದೇವರುಗಳ ಕಥೆ ಹೇಳುತ್ತಾಳೆ. ಅವು ಸಿಕ್ಕಿದ್ದು ಉಷಾರಾಣಿ ಸ್ಕೂಲಿನಿಂದ ರದ್ದಿಗೆಂದು ತಂದ, ರಟ್ಟು ಹರಿದ ಒಂದು ಕನ್ನಡ ಪುಸ್ತಕದಲ್ಲಿ. ಉಳಿದ ತಿಂಗಳೆಲ್ಲ ಒಲೆಯ ಮುಂದೆ ಅದನ್ನೇ ಓದುತ್ತಾಳೆ.

"ಜೀಯಸ್ ಅಂತ, ದೇವರಿಗೆಲ್ಲ ಯಜಮಾನ. ಹೆಣ್ಣು ಕಂಡ್ರೆ ಒಂದ್ಸಲ ಹಂಸ ಆಗ್ತಾನೆ, ಒಂದ್ಸಲ ಹೋರಿ. ಹೆಂಡ್ತಿ ಹೀರಾ ಫೋನ್ ಮಾಡ್ತಾಳೆ, ಮಾಡ್ತಾಳೆ, ಎತ್ತಲ್ಲ."

"ಗೊರಸಲ್ಲಿ ಹೆಂಗ್ ಎತ್ತಾನು ಬಿಡಕ್ಕ!" ಅಂದಿದ್ದಳು ಚಲುವಮ್ಮ. ಕೈಯ ಮಚ್ಚು ಬಿಟ್ಟು ಎಲ್ಲರೂ ನಕ್ಕಿದ್ದರು.

ಹೋದ ವರ್ಷ ಕೊನೆಯ ದಿನ ಹನುಮಮ್ಮ ಕೇಳಿದಳು: "ಇಷ್ಟೊಂದು ದೇವ್ರು. ಇವರಿಗೆಲ್ಲ ಒಲೆ ಉರಿಸ್ತಿದ್ದೋರು ಯಾರು?"

"ಜೀಯಸ್ಸನ ಅಕ್ಕ, ಹೆಸ್ಟಿಯಾ. ಮದುವೆ ಬೇಡ ಅಂದೋಳು. ಒಲೆ ಆರದಂಗೆ ನೋಡ್ಕೊಂಡಿದ್ಲು."

"ಅವಳ ಕಥೆ ಹೇಳು ಮತ್ತೆ."

"ಕಥೆ ಇಲ್ಲ ಕಣೇ. ಹನ್ನೆರಡು ಕುರ್ಚಿ ಇತ್ತಂತೆ. ಹೊಸ ದೇವರು ಬಂದಾಗ ತನ್ನ ಕುರ್ಚಿ ಬಿಟ್ಟುಕೊಟ್ಟು ಒಲೆ ಹತ್ರ ಕೂತ್ಲಂತೆ. ಅಷ್ಟೇ."

ಯಾರೂ ನಗಲಿಲ್ಲ. ಹನುಮಮ್ಮ ಸೆರಗು ಕೊಡವಿ ಎದ್ದಳು. "ಬರೋ ವರ್ಷಕ್ಕೆ ಅವಳ ಕಥೆ ನೀನೇ ಕಟ್ಟಕ್ಕ. ಕೇಳ್ದೆ ಬಿಡಾಕಿಲ್ಲ."

ಸುಮಿತ್ರಮ್ಮ ಕಟ್ಟಿದಳು. ಕರಟ ಒಡ್ಡುತ್ತಾ ಒಂದೊಂದು ಸಾಲು. ಹಸುಗಳಿಗೆ ಎರಡು ಸಲ ಹೇಳಿಯೂ ಆಯಿತು. ನಗಬೇಕಾದ ಕಡೆ ಅವು ಮೆಲುಕು ಹಾಕಿದವು.

ಈ ಸಲ ಅಟ್ಟ ಇಳಿಸುವ ಹೊತ್ತಿಗೆ, ಉಣ್ಣುತ್ತಾ ಚನ್ನಬಸವಯ್ಯ ಹೇಳಿದ: "ಕಾಯಿ ಹಂಗೇ ಪೇಟೆ ಮಂಡಿಗೆ ಹೋಗ್ತದೆ ಅಕ್ಕ. ಅಲ್ಲೇ ಚಿಪ್ಪು ಬಿಡಿಸ್ತಾರೆ, ಹನುಮಮ್ಮೋರೂ ಅಲ್ಲಿಗೇ. ಎಂಟು ಜನಕ್ಕೆ ಬೇಯಿಸೋದು ನಿಂಗೆ ತಪ್ತು."

ಪ್ರೀತಿಯಿಂದಲೇ ಹೇಳಿದ. ಅವಳು ಇನ್ನೊಂದು ಮುದ್ದೆ ಹಾಕಿದಳು.

"ನಾನೂ ಹೋಗ್ಲಾ, ಮಂಡಿಗೆ?"

ಉಷಾರಾಣಿ ನಕ್ಕಳು. "ಕೂಲಿಯೋರ ಜೊತೆ ಕೂತ್ರೆ ಊರೋರು ಏನಂತಾರೆ ಅಕ್ಕ?"

ಕೂಲಿಯಿಲ್ಲದೆ ದುಡಿದರೆ ಊರು ಏನೂ ಅನ್ನುವುದಿಲ್ಲ. ಅದು ಸುಮಿತ್ರಮ್ಮನಿಗೆ ಗೊತ್ತಿತ್ತು.

ಲಾರಿ ಹೋಯಿತು. ಅಟ್ಟ ಖಾಲಿ. ಮಾರನೆಯ ದಿನ ಎಂದಿನಂತೆ ಎದ್ದಳು. ಹಸುಗಳದ್ದೇನು ತಪ್ಪು? ಹಾಲು ಕರೆದು ಡೈರಿಗೆ ಹಾಕಿ ಬಂದಳು. ಹಂಡೆಯ ಒಲೆಯ ಮುಂದೆ ಕೂತು ಒಂದು ಹಿಡಿ ಕರಟ ಕೈಗೆತ್ತಿಕೊಂಡಳು. ಉರಿ ಇಳಿಯುತ್ತಿತ್ತು. ಒಳಗೆ ಎಲ್ಲರೂ ನಿದ್ದೆಯಲ್ಲಿದ್ದರು. ರಸ್ತೆಯ ತಿರುವಿನಲ್ಲಿ ಪೇಟೆಗೆ ಹೋಗುವ ಮೊದಲ ಬಸ್ಸಿನ ಹಾರನ್ ಕೇಳಿಸಿತು.

ಕರಟವನ್ನು ಮಂಕರಿಗೆ ವಾಪಸ್ ಹಾಕಿದಳು. ಮೂಲೆಯ ಮಚ್ಚನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸದ್ದಾಗದಂತೆ ಬಾಗಿಲು ಎಳೆದು, ರಸ್ತೆಯ ಕಡೆ ನಡೆದಳು.