ಗೋಡೆಯ ಮೇಲಿನ ಅಕ್ಕ

ನನ್ನ ಕ್ಯಾಂಟೀನಿನಲ್ಲಿ ಚಹಾ ಬೇಡ ಅನ್ನುವವರು ಕಡಿಮೆ. ಪ್ರಿನ್ಸಿಪಾಲರು ಸಕ್ಕರೆ ಕಾಯಿಲೆ ಇಟ್ಟುಕೊಂಡೂ ಕದ್ದು ಕುಡಿಯುತ್ತಾರೆ. ಬೇಡ ಅನ್ನುತ್ತಿದ್ದವಳು ಅಕ್ಕ ಒಬ್ಬಳೇ. ಕಾಲೇಜಿನ ಶೌಚಾಲಯ ತೊಳೆಯುವವಳು. ಹುಡುಗರು ಫಿನಾಯಿಲ್ ಅಕ್ಕ ಎಂದು ಕರೆದರೆ ಅವಳೂ ಓಗೊಡುತ್ತಿದ್ದಳು. ಎಲ್ಲ ಮಹಡಿ ತೊಳೆದು ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತು, ಒಣ ಬನ್ನನ್ನೇ ಚೂರು ಚೂರು ಮಾಡಿ ನುಂಗುವಳು. ನಾನು ಲೋಟ ಮುಂದಿಟ್ಟರೆ ಅದರ ಬಾಯಿಗೆ ಅಂಗೈ ಅಡ್ಡ ಹಿಡಿಯುವಳು. ಜಂಬದ ಹೆಂಗಸಿರಬೇಕು ಅನ್ನಿಸುತ್ತಿತ್ತು.

ಜಂಬವಲ್ಲ. ತಾನು ತೊಳೆಯುವ ಶೌಚಾಲಯವನ್ನು ಅವಳು ಬಳಸುವಂತಿರಲಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ಆದರೆ ಹಿಂದೊಬ್ಬಳು ಬಳಸಿ ಸೂಪರ್‌ವೈಸರ್ ಕಣ್ಣಿಗೆ ಬಿದ್ದಳು, ಮಾರನೆಯ ದಿನ ಅವಳ ಜಾಗಕ್ಕೆ ಬೇರೆಯವಳು ಬಂದಳು. ಕೆಲಸದವರಿಗೆಂದು ಜನರೇಟರ್ ಶೆಡ್ಡಿಗೆ ಅಂಟಿಕೊಂಡಂತೆ ಒಂದು ಶೌಚಾಲಯವಿದೆ, ನೀರಿಲ್ಲ. ನೀರು ಬೇಕಾದರೆ ಕ್ರಿಕೆಟ್ ಆಡುವ ಹುಡುಗರ ನಡುವೆ ಬಕೆಟ್ ಹಿಡಿದು ಮೈದಾನ ದಾಟಬೇಕು. ಯಾವ ಹೆಂಗಸು ದಾಟುತ್ತಾಳೆ? ಅದಕ್ಕೇ ಅಕ್ಕ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ.

"ಉರಿ ಅಂತ ಹೋದ್ರೆ, ನೀರು ಚೆನ್ನಾಗಿ ಕುಡೀರಮ್ಮ ಅಂದ್ರು ಡಾಕ್ಟ್ರು," ಎಂದಳು ಒಂದು ದಿನ. "ಕುಡಿಯೋದೇನು ಮಹಾ. ಆಮೇಲೆ ಅವರ ಮನೆಗೆ ಹೋಗ್ಲಾ?" ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು.

ನಮ್ಮ ಕಾಲೇಜಿನಲ್ಲಿ ಸಮುದಾಯ ಸೇವಾ ಘಟಕ ಎಂಬುದೊಂದಿದೆ. ಅದರ ಮಕ್ಕಳು ಸಾಮಾಜಿಕ ನ್ಯಾಯವನ್ನು ಹುಡುಕಿಕೊಂಡು ಬಸ್ಸು ಮಾಡಿಕೊಂಡು ದೂರದ ಊರುಗಳಿಗೆ ಹೋಗುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ. ಗುಂಗುರು ಕೂದಲಿನ ಒಬ್ಬ ಹುಡುಗಿ ಮಾತ್ರ, ಅಕ್ಕ ಒಣ ಬನ್ ನುಂಗುವುದನ್ನು ನೋಡಿ, ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿದಳು. ಕೇಳಿ ಸುಮ್ಮನಾಗಲಿಲ್ಲ. ಅವಳ ಹಿಂದೆ ಅರ್ಧ ಕಾಲೇಜು ಪಾಠ ಬಿಟ್ಟು ಪ್ರಿನ್ಸಿಪಾಲರ ಬಾಗಿಲಲ್ಲಿ ಕೂತಿತು. ಕೊನೆಗೆ ಪ್ರಿನ್ಸಿಪಾಲರು ಕೆಲಸದವರ ಶೌಚಾಲಯಕ್ಕೆ ನಲ್ಲಿ ಹಾಕಿಸಲು ಒಪ್ಪಿಕೊಂಡರು. ಮೊದಲ ಸಲ ನನಗೂ ಈ ಮಕ್ಕಳ ಮೇಲೆ ನಂಬಿಕೆ ಹುಟ್ಟಿತು.

"ನಲ್ಲಿ ಬಂದ ದಿನ ನಿಮ್ಮ ಚಹಾ ಎರಡು ಲೋಟ ಕುಡೀತೀನಿ ನೋಡಿ ಅಣ್ಣ," ಎಂದಳು ಅಕ್ಕ. "ಆ ಹುಡುಗಿ ಹೊಟ್ಟೆ ತಣ್ಣಗಿರ್ಲಿ."

ಗೆದ್ದ ಸಂಭ್ರಮ ಮಕ್ಕಳನ್ನು ಸುಮ್ಮನೆ ಬಿಡುತ್ತದೆಯೇ? ಪ್ಲಂಬರ್ ಬರುವ ಮೊದಲೇ ಬಣ್ಣದ ಡಬ್ಬಿ ತಂದು, ಆ ಶೌಚಾಲಯದ ಗೋಡೆ ತುಂಬ ಅಕ್ಕನ ಮುಖ ಬರೆದರು. ಎತ್ತಿದ ಕೈಯಲ್ಲಿ ಪೊರಕೆ, ಹಿಂದೆ ಉದಯಿಸುವ ಸೂರ್ಯ. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕ ನಾಚಿ ಸೆರಗು ಬಾಯಿಗಿಟ್ಟುಕೊಂಡಳು.

ಪ್ಲಂಬರ್ ಬಂದು ಸುತ್ತ ನೋಡಿದ. ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಕಾಂಪೌಂಡು, ಮತ್ತೊಂದು ಕಡೆ ಬಾಗಿಲು. "ಪೈಪು ಈ ಗೋಡೆ ಒಡೆದೇ ಹಾಕ್ಬೇಕು," ಎಂದು ಅಕ್ಕನ ಹಣೆಯಿಂದ ಗಲ್ಲದವರೆಗೆ ಸೀಮೆಸುಣ್ಣದ ಗೆರೆ ಎಳೆದ. ಘಟಕದ ಮೇಷ್ಟ್ರು ಓಡಿಬಂದರು. "ಇದನ್ನ ಮುಟ್ಬೇಡಪ್ಪ, ಕಾಲೇಜಿಗೆ ದರ್ಜೆ ಕೊಡೋ ತಪಾಸಣೆ ತಂಡ ಬರ್ತಿದೆ. ಅವರು ನೋಡ್ಕೊಂಡು ಹೋಗ್ಲಿ, ಆಮೇಲೆ ಮಾಡಿದ್ರಾಯ್ತು."

ತಂಡ ಬಂತು, ಗೋಡೆಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿತು, ಬಾಯ್ತುಂಬ ಹೊಗಳಿತು. ಕಾಲೇಜಿನ ಪರಿಚಯ ಪುಸ್ತಕದ ಮುಖಪುಟಕ್ಕೂ ಅದೇ ಚಿತ್ರ ಬಂತು. ಇನ್ನು ಅದನ್ನು ಒಡೆಯುವವರು ಯಾರು? ಮೂಗಿಗಿಂತ ಮೂಗುತಿ ಭಾರವಾಯಿತು.

ಅಕ್ಕ ತಾನೇ ಹೋಗಿ ಪ್ರಿನ್ಸಿಪಾಲರನ್ನು ಕಂಡಳು. ಚಹಾ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ನನ್ನ ಮುಖ ತಾನೆ ಸಾರ್, ಒಡೆದುಹಾಕಿ. ನನಗೇನೂ ಬೇಜಾರಿಲ್ಲ."

ಅವರು ಸಿಟ್ಟಾಗಲಿಲ್ಲ, ನಕ್ಕರು. "ಅದು ಈಗ ನಿಮ್ಮ ಮುಖ ಅಲ್ಲಮ್ಮ, ಕಾಲೇಜಿನ ಮುಖ."

ಗುಂಗುರು ಕೂದಲಿನ ಹುಡುಗಿ ಸುತ್ತಿಗೆ ತರುತ್ತೇನೆಂದು ಅತ್ತಳು. ಅಷ್ಟರಲ್ಲಿ ಪರೀಕ್ಷೆ ಬಂತು, ಮುಗಿಯಿತು, ಅವಳೂ ಹೋದಳು. ಕೆಟ್ಟವಳಲ್ಲ, ಆದರೆ ಈ ಮಕ್ಕಳಿಗೆ ಕಾಲೇಜು ಬಸ್ ನಿಲ್ದಾಣ, ಅಕ್ಕನಿಗೆ ಅದೇ ಊರು. ಮುಂದಿನ ವರ್ಷ ಘಟಕಕ್ಕೆ ಸೇರಿದ ಮಕ್ಕಳು ಬಂದು ಅಕ್ಕನ ಕಥೆಯನ್ನು ಮೊದಲಿಂದ ಕೇಳಿದರು, ಕಣ್ಣೊರೆಸಿಕೊಂಡರು, ಮಾಸಿದ ಬಣ್ಣವನ್ನು ಇನ್ನಷ್ಟು ಗಟ್ಟಿಯಾಗಿ ಬಳಿದರು.

ಅಕ್ಕನ ಕಾಲು ಊದಿಕೊಂಡಿತು, ಆಮೇಲೆ ಮುಖ. ಕಿಡ್ನಿ ಎಂದರು. ಗೋಡೆಯ ಮೇಲೆ ನಗುತ್ತಿದ್ದವಳನ್ನು ಆಟೋಗೆ ಹತ್ತಿಸಲು ಇಬ್ಬರು ಹಿಡಿಯಬೇಕಾಯಿತು. ನನಗೆ ಆ ಚಿತ್ರಕ್ಕೆ ಬಿಸಿ ಚಹಾ ಎರಚಬೇಕು ಅನ್ನಿಸಿತು. ಎರಚಲಿಲ್ಲ, ನನ್ನ ಕ್ಯಾಂಟೀನೂ ಪ್ರಿನ್ಸಿಪಾಲರ ದಯೆಯಲ್ಲೇ ನಡೆಯುವುದು.

ಅವಳ ಜಾಗಕ್ಕೆ ಮಗಳು ಬಂದಿದ್ದಾಳೆ. ಸತ್ತರೂ ಈ ಕೆಲಸಕ್ಕೆ ಬರೋದಿಲ್ಲ ಅನ್ನುತ್ತಿದ್ದ ಮಗಳು. ಮೊದಲ ದಿನವೇ ಘಟಕದ ಮಕ್ಕಳು ಅವಳನ್ನು ತಾಯಿಯ ಚಿತ್ರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು. ಆಮೇಲೆ ಅವಳು ನನ್ನ ಬೆಂಚಿನ ಅದೇ ತುದಿಯಲ್ಲಿ ಬಂದು ಕೂತಳು. ಬಿಸಿಲಿಗೆ ತುಟಿ ಒಣಗಿತ್ತು. ನಾನು ಚಹಾ ಬಗ್ಗಿಸಲು ಹೋದೆ.

ಲೋಟದ ಬಾಯಿಗೆ ಅಂಗೈ ಅಡ್ಡ ಬಂತು.

"ಬೇಡ ಮಾವ. ಅಮ್ಮ ಹೇಳಿ ಕಳಿಸಿದ್ದಾಳೆ."