ಖಾಲಿ ಬಂದದ್ದು ಲಾರಿಗೆ

ಆರ್ಡಿತ್ ವಾವ್ರಾಗೆ ತಮ್ಮನ ಮುಖ ಕಂಡರೆ ಮೈ ಉರಿಯುತ್ತಿತ್ತು. ಅವನ ಹೋರಿಯನ್ನು ಕಂಡರೆ ಇನ್ನೂ ಹೆಚ್ಚು.

ನೆಬ್ರಾಸ್ಕದ ಮರಳುದಿಬ್ಬಗಳಲ್ಲಿ ಅಪ್ಪ ಬಿಟ್ಟುಹೋದ ಹುಲ್ಲುಗಾವಲು ಅಮ್ಮ ಲುಡ್ಮಿಲಳ ಹೆಸರಿನಲ್ಲಿತ್ತು. ನಡುವೆ ಬೇಲಿ. ಈಚೆ ಆರ್ಡಿತ್‌ಳ ನೂರಿಪ್ಪತ್ತು ಹಸು, ಆಚೆ ತಮ್ಮ ವೆಂಡೆಲ್‌ನ ನೂರಿಪ್ಪತ್ತು. ಆಕೆಯವು ಗಿಡ್ಡ, ಕಪ್ಪು, ದುಂಡು ಹೊಟ್ಟೆಯವು. ಅವನವು ಎತ್ತರದ ಬಿಳಿ ಹಸುಗಳು. ಅವುಗಳಿಗೆ ಅಪ್ಪನಾದ ಹೋರಿಯ ಬೆನ್ನು ಆರ್ಡಿತ್‌ಳ ಟೋಪಿಗಿಂತ ಮೇಲಿತ್ತು. ಪೂರ್ವದ ಜೋಳದ ಸೀಮೆಯಲ್ಲಿ ಹೊಟ್ಟೆತುಂಬ ಕಾಳು ತಿಂದು ಬೆಳೆದ ತಳಿ ಅದು. ಇಲ್ಲಿ ಸಿಗುವುದು ಮರಳಲ್ಲಿ ಬೇರು ಕಚ್ಚಿದ ಒರಟು ಹುಲ್ಲು. ಬೇಸಿಗೆ ಕಳೆದರೆ ಅದೂ ಕಡ್ಡಿ.

ಕರು ಮಾರುವ ಕಾಲಕ್ಕೆ ಮಾತ್ರ ವೆಂಡೆಲ್‌ನನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಅವನ ಕರುಗಳು ಒಳ್ಳೇ ತೂಕ ತೂಗುತ್ತಿದ್ದವು. ಪೇಟೆಯ ಕಾಫಿ ಅಂಗಡಿಯಲ್ಲಿ ಹತ್ತು ಜನರೆದುರು ಅಕ್ಕನನ್ನು ಕೆಣಕುತ್ತಿದ್ದ.

"ನಿನ್ನ ಕರುಗಳು ಮೊಲದ ಮರಿ ಇದ್ದಂಗಿವೆ ಅಕ್ಕ. ತಕ್ಕಡಿ ಮೇಲೆ ನಿಲ್ಸಿದ್ರೆ ಮುಳ್ಳು ಅಲ್ಲಾಡುತ್ತಾ?"

"ನನ್ನ ಹಸು ವರ್ಷಕ್ಕೊಂದು ಹಾಕುತ್ತೆ ಕಣೋ. ನಿನ್ನವು ಒಂದು ಹೆತ್ತು ಒಂದು ವರ್ಷ ರಜಾ ಹಾಕ್ತವೆ. ಅದನ್ನೂ ಹೇಳು ಇವರಿಗೆ."

ಜನ ವೆಂಡೆಲ್‌ನ ಮಾತಿಗೇ ನಗುತ್ತಿದ್ದರು. ದಪ್ಪ ಕರು ಕಣ್ಣಿಗೆ ಕಾಣುತ್ತದೆ, ಹುಟ್ಟದೇ ಹೋದ ಕರು ಯಾರಿಗೂ ಕಾಣುವುದಿಲ್ಲ. ಆ ದಡ್ಡರ ನಗು ಆರ್ಡಿತ್‌ಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವಳಿಗೆ ಗೊತ್ತಿದ್ದ ಇನ್ನೊಂದು ಸಂಗತಿಯೂ ಇತ್ತು: ಚಳಿಗಾಲದಲ್ಲಿ ವೆಂಡೆಲ್ ಇಬ್ಬರಿಗೂ ಸೇರಿದ ಬಣವೆಗಳನ್ನು ಕದ್ದು ಬಿಚ್ಚಿ ತನ್ನ ಹಸುಗಳಿಗೆ ಸುರಿಯುತ್ತಿದ್ದ. ದೊಡ್ಡ ಮೈ, ಕೊಡಗಟ್ಟಲೆ ಹಾಲು. ಅವೆರಡಕ್ಕೂ ಸಾಕಾಗಿ ಉಳಿದರೆ ತಾನೇ ಹಸು ಮತ್ತೆ ಗಬ್ಬವಾಗುವುದು? ಈ ಹುಲ್ಲಿನಲ್ಲಿ ಉಳಿಯುವುದೇನೂ ಇರಲಿಲ್ಲ.

ಒಂದು ವಸಂತದಲ್ಲಿ ವೆಂಡೆಲ್‌ನ ಬದಿಯ ದಿಬ್ಬವೊಂದು ದನ ಅತಿಯಾಗಿ ಮೇದು ಬೋಳಾಗಿ ಮರಳು ಹಾರತೊಡಗಿತು. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಂಬತ್ತೆಂಟರ ಲುಡ್ಮಿಲ ಇಬ್ಬರನ್ನೂ ಅಡುಗೆಮನೆಗೆ ಕರೆಸಿದಳು. ಕಾಫಿ ಸಹ ಕೊಡಲಿಲ್ಲ.

"ನಾನು ಸಾಯೋದ್ರೊಳಗೆ ಈ ನೆಲ ಹಾರಿಹೋಗುತ್ತೆ. ಎರಡು ವರ್ಷ ಟೈಮು. ಬಣವೆಗೆ ಬೇಲಿ, ಬೀಗ. ಹಿಮ ಮೊಣಕಾಲು ದಾಟಿದ್ರೆ ಮಾತ್ರ ಮೇವು, ಇಬ್ರಿಗೂ ಸಮ. ಎರಡು ವರ್ಷ ಆದ್ಮೇಲೆ ಯಾರ ಹಸು ಜಾಸ್ತಿ ಗಬ್ಬ ನಿಂತಿರುತ್ತೋ ಅವರಿಗೆ ಇಡೀ ಹುಲ್ಲುಗಾವಲು. ಇನ್ನೊಬ್ರು ಗಂಟುಮೂಟೆ ಕಟ್ಬೇಕು."

ಆರ್ಡಿತ್‌ಗೆ ಅಷ್ಟು ಸಾಲಲಿಲ್ಲ. ತಮ್ಮನ ಹೊಟ್ಟೆ ಉರಿಸಲೇಬೇಕಿತ್ತು. "ಗಬ್ಬ ನಿಲ್ಲದೆ ಖಾಲಿ ಬಂದ ಹಸು ಅವತ್ತೇ ಕಸಾಯಿಯವರಿಗೆ ಅಂತ ಸಂತೆ ಲಾರಿ ಹತ್ತಬೇಕು," ಎಂದಳು. "ವಯಸ್ಸು, ಅಂದ, ಮುದ್ದು, ಯಾವ ನೆಪಾನೂ ಬೇಡ."

"ನಿಂಗೂ ಅದೇ ಲೆಕ್ಕ ತಾನೇ?" ಎಂದ ವೆಂಡೆಲ್.

"ನಂಗೇ ಮೊದ್ಲು."

ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ದನದ ಡಾಕ್ಟರ್ ಹಾಲ್ವರ್ ಭುಜದವರೆಗೂ ಪ್ಲಾಸ್ಟಿಕ್ ಕೈಗವಸು ತೊಟ್ಟು ಕಬ್ಬಿಣದ ಕಂಬಿಗಳ ಇಕ್ಕಟ್ಟು ಓಣಿಯ ಹಿಂದೆ ನಿಂತ. ಒಂದೊಂದೇ ಹಸು ಬಂದು ಸಿಕ್ಕಿಕೊಳ್ಳುವುದು, ಅವನು ಕೈ ಹಾಕಿ "ಗಬ್ಬ" ಅಥವಾ "ಖಾಲಿ" ಎಂದು ಕೂಗುವುದು. ಖಾಲಿ ಎಂದರೆ ಬೆನ್ನಿಗೊಂದು ಕೆಂಪು ಗೆರೆ. ಮೊದಲು ವೆಂಡೆಲ್‌ನ ಹಸುಗಳು ಬಂದವು. ಗೆರೆ ಎಳೆಯುವ ಬಣ್ಣದ ಕಡ್ಡಿ ಆರ್ಡಿತ್‌ಳ ಕೈಯಲ್ಲಿತ್ತು, ಒಂದೊಂದು ಗೆರೆಯನ್ನೂ ಆಕೆ ಹಬ್ಬದಂತೆ ಎಳೆದಳು. ಮಧ್ಯಾಹ್ನಕ್ಕೆ ನಲವತ್ತೇಳು ಬಿಳಿ ಬೆನ್ನುಗಳು ಕೆಂಪಾಗಿದ್ದವು. ಪಿಕಪ್‌ನೊಳಗೆ ಕೂತ ಲುಡ್ಮಿಲ ಮುಖ ಆಚೆ ತಿರುಗಿಸಿದಳು.

ಆರ್ಡಿತ್‌ಳ ಹಸುಗಳಲ್ಲಿ ನೂರಹತ್ತೊಂಬತ್ತು ಮುಗಿದವು. ಖಾಲಿ ಬಂದದ್ದು ನಾಲ್ಕೇ. ಈಗ ಕಡ್ಡಿ ವೆಂಡೆಲ್‌ನ ಕೈಯಲ್ಲಿತ್ತು. ಕೊನೆಗೆ ನೀಲಿ ಕಿವಿಯೋಲೆಯ ಬಾಬ್ಕಾ ಬಂದಳು. ಬಾಬ್ಕಾ ಎಂದರೆ ಅವರ ಮನೆಮಾತಿನಲ್ಲಿ ಅಜ್ಜಿ. ಹದಿನೈದು ವರ್ಷದ ಹಸು, ಒಂದು ವರ್ಷವೂ ತಪ್ಪದೆ ಹದಿಮೂರು ಕರು. ಮಂದೆಯ ಅರ್ಧ ಅವಳದೇ ಮಕ್ಕಳು ಮೊಮ್ಮಕ್ಕಳು. ಎರಡು ದಿಬ್ಬದಾಚೆಯಿಂದ ಕೂಗಿದರೂ ಓಡಿ ಬರುತ್ತಿದ್ದಳು. ಗಂಡ ಮಕ್ಕಳಿಲ್ಲದ ಆರ್ಡಿತ್‌ಗೆ ಯಾರ ಮೇಲಾದರೂ ಪ್ರೀತಿ ಇತ್ತೆಂದರೆ ಈ ಹಸುವಿನ ಮೇಲೆ.

ಡಾಕ್ಟರ್ ಒಳಗೆ ಕೈಯಿಟ್ಟು ಬಹಳ ಹೊತ್ತು ತಡವಿದ. ಆಮೇಲೆ ಆರ್ಡಿತ್‌ಳ ಕಡೆ ಬಗ್ಗಿ ಪಿಸುಗುಟ್ಟಿದ.

"ಗಬ್ಬ ತಡವಾಗಿ ನಿಂತಿದೆ ಅಂತೀನಿ, ಸರೀನಾ? ಗೆದ್ದಾಯ್ತಲ್ಲ ನೀವು. ಇದೊಂದು ಮುದುಕಿಯಿಂದ ಏನಾಗ್ಬೇಕು?"

ಆಕೆ ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆಚೆ ಕಂಬಿಗೆ ಒರಗಿ, ಬಾಯಿ ಓರೆ ಮಾಡಿ ಕಾಯುತ್ತಿದ್ದ ವೆಂಡೆಲ್ ಕಂಡ.

"ಖಾಲಿ ಅಂದ್ರೆ ಖಾಲಿ ಡಾಕ್ಟ್ರೇ. ಎಲ್ರಿಗೂ ಕೇಳೋ ಹಂಗೆ ಕೂಗಿ."

ಡಾಕ್ಟರ್ ಕೂಗಿದ. ವೆಂಡೆಲ್ ಗೆರೆ ಎಳೆಯಲಿಲ್ಲ. ಕಡ್ಡಿಯನ್ನು ಅಕ್ಕನತ್ತ ಚಾಚಿದ. "ನೀನೇ ಎಳಿ," ಎಂದ. ಎಳೆದಳು. ಲಾರಿಗೂ ತಾನೇ ಹತ್ತಿಸಿದಳು, ಬಾಗಿಲ ಚಿಲಕವನ್ನೂ ತಾನೇ ಹಾಕಿದಳು. ಬಾಬ್ಕಾ ಆಕೆಯ ಜೊತೆ ನಡೆದು ರೂಢಿಯಿದ್ದವಳು, ಒಂದು ಏಟೂ ಬೇಕಾಗಲಿಲ್ಲ. ಆ ರಾತ್ರಿ ಹುಲ್ಲುಗಾವಲೆಲ್ಲ ಆರ್ಡಿತ್‌ಳದಾಯಿತು, ಊಟ ಮಾತ್ರ ಸೇರಲಿಲ್ಲ.

ವೆಂಡೆಲ್ ಪೇಟೆ ದಾರಿಯ ಪಕ್ಕ ಒಂದು ತುಂಡು ಜಾಗ ಹಿಡಿದು, ಉಳಿದ ಬಿಳಿ ಹಸುಗಳಿಗೆ ಮೇವು ಕೊಂಡು ಹಾಕತೊಡಗಿದ. ವಾರ ಕಳೆದ ಮೇಲೆ ಆರ್ಡಿತ್ ಆ ದಾರಿಯಲ್ಲಿ ಹೋಗುವಾಗ ಬೇಲಿಯಂಚಿಗೇ ಒಂದು ಕಪ್ಪು ಗಿಡ್ಡ ಹಸು ನಿಂತಿತ್ತು. ಕಿವಿಯಲ್ಲಿ ನೀಲಿ ಓಲೆ. ದನದ ಸಂತೆಯಲ್ಲಿ ಕಸಾಯಿಯವರ ಜೊತೆ ಹರಾಜು ಕೂಗಿ ಅವನೇ ಕೊಂಡಿದ್ದ. ಮುಂದೆ ಒಂದು ಇಡೀ ಹುಲ್ಲಿನ ಸುರುಳಿ ಬಿಚ್ಚಿಟ್ಟಿದ್ದ, ಅಕ್ಕ ದಿನವೂ ನೋಡಲಿ ಎಂದೇ.

ಮೂರು ವಾರ ಆಕೆ ನೇರ ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದಳು. ನಾಲ್ಕನೆಯ ವಾರ ನಿಲ್ಲಿಸಿ ಇಳಿದಳು. ಬಾಬ್ಕಾ ಕೊಬ್ಬಿ ಹೊಳೆಯುತ್ತಿದ್ದಳು.

"ಬಾಬ್ಕಾ! ಬಾ, ಬಾ!"

ಹಸುವಿನ ಒಂದು ಕಿವಿ ಅಲ್ಲಾಡಿತು. ತಲೆ ಹುಲ್ಲಿನಿಂದ ಮೇಲೇಳಲಿಲ್ಲ.

"ಇನ್ನೂ ಜೋರಾಗಿ ಕೂಗು ಅಕ್ಕ," ವೆಂಡೆಲ್ ಮನೆ ಮುಂದಿನ ಮೆಟ್ಟಿಲ ಮೇಲಿಂದ ಹೇಳಿದ. "ಊಟ ಮಾಡ್ತಿದಾಳೆ."

ಆವತ್ತಿನಿಂದ ಆರ್ಡಿತ್ ಪೇಟೆಗೆ ಹನ್ನೊಂದು ಮೈಲಿ ಸುತ್ತಿನ ದಾರಿಯಲ್ಲಿ ಹೋಗುತ್ತಾಳೆ.