ಟೈರಣ್ಣನ ಪಿಟೀಲು ಬೆಂಬಲ ಸಮಿತಿ

ಬಸ್ ಡಿಪೋದ ಟೈರು ವಿಭಾಗದಲ್ಲಿ ದುಡಿದು ದುಡಿದು ಅವನಿಗೆ ಟೈರಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಬ್ಬಿಣದ ಸರಳಿನಿಂದ ಟೈರಿಗೆ ಒಂದೇಟು ಬಡಿದು, ಬಂದ ಸದ್ದಿನಿಂದಲೇ ಗಾಳಿ ಎಷ್ಟಿದೆ ಎನ್ನುತ್ತಿದ್ದ. ಆ ಕಿವಿ ಬಿಟ್ಟರೆ ಅವನ ಮೈಯಲ್ಲಿ ನಾಜೂಕಿನದು ಏನೂ ಇರಲಿಲ್ಲ. ಅಂಗೈ ಹಳೇ ಚಪ್ಪಲಿಯ ಅಟ್ಟೆ, ಬೆರಳುಗಳು ತುಕ್ಕು ಹಿಡಿದ ಬೋಲ್ಟು.

ಇಂಥವನ ಕೈಗೆ ಪಿಟೀಲು ಬಂದದ್ದು ಡಿಪೋದ ಉಗ್ರಾಣದಿಂದ. ಬಸ್ಸಿನಲ್ಲಿ ಯಾರೋ ಮರೆತು ಹೋದದ್ದು, ಕೊಡೆ ಮತ್ತು ಒಂಟಿ ಚಪ್ಪಲಿಗಳ ನಡುವೆ ವರ್ಷಗಟ್ಟಲೆ ಬಿದ್ದಿತ್ತು. ಜಿರಳೆ ಸಂಸಾರ ಹೂಡಿದೆ, ತಗೊಂಡು ಹೋಗಪ್ಪ ಎಂದು ಉಗ್ರಾಣದವನೇ ದಬ್ಬಿದ. ಪಕ್ಕದ ಬೀದಿಯ ಶಾಲೆಯಲ್ಲಿ ಸಂಗೀತ ಕಲಿಸುವ ಮೇಡಂ ಟೈರಣ್ಣನ ಕೈ ನೋಡಿ ಹೆದರಿದರು, ಕಿವಿ ಪರೀಕ್ಷಿಸಿ ಒಪ್ಪಿದರು. ಮಕ್ಕಳಿಗೆ ಹೇಳಿಕೊಡುವ ಒಂದು ಪುಟ್ಟ ಧಾಟಿ ಕೊಟ್ಟರು. ಅದರ ನಡುವೆ ಕಿರುಬೆರಳನ್ನು ಎಟುಕಿಸಿ ಒತ್ತಬೇಕಾದ ಒಂದು ಜಾಗವಿತ್ತು. ಟೈರಣ್ಣನ ಕಿರುಬೆರಳು ಅಲ್ಲಿಗೆ ಬಂದ ಕೂಡಲೇ ಸಂತೆಗೆ ಹೊರಟ ಎಮ್ಮೆಯಂತೆ ಕಾಲೂರಿ ನಿಂತುಬಿಡುತ್ತಿತ್ತು.

ಆ ಧಾಟಿಯನ್ನು ಮೊದಲಿನಿಂದ ಕೊನೆತನಕ, ಎಲ್ಲೂ ಮುಗ್ಗರಿಸದೆ, ಒಂದೇ ಒಂದು ಸಲ ನುಡಿಸಿಬಿಡಬೇಕು. ಐವತ್ತು ದಾಟಿದ ಟೈರಣ್ಣನಿಗೆ ಬದುಕಿನಲ್ಲಿ ತನಗಾಗಿ ಎಂದು ಹುಟ್ಟಿದ ಆಸೆ ಇದೊಂದೇ. ಮಿಕ್ಕ ಆಸೆಗಳನ್ನೆಲ್ಲ ಡಿಪೋದ ಕಾರ್ಮಿಕ ಸಂಘವೇ ಬೇಡಿಕೆ ಪಟ್ಟಿಯಲ್ಲಿ ಸೇರಿಸಿತ್ತು.

ಅವನು ಮಾಡಿದ ತಪ್ಪು ಒಂದೇ. ಚಹಾದ ಹೊತ್ತಿನಲ್ಲಿ, ಮನೆಗೆ ಹೋದರೆ ಸುಸ್ತು, ಪಿಟೀಲಿನ ಪೆಟ್ಟಿಗೆ ತೆಗೆಯೋದಕ್ಕೇ ಮನಸ್ಸು ಬರೋದಿಲ್ಲ ಎಂದು ಬಾಯಿ ಬಿಟ್ಟ. ಸಂಘದವರ ಮುಂದೆ ತೊಂದರೆ ಹೇಳಿಕೊಳ್ಳುವುದೂ ಒಣಹುಲ್ಲಿನ ಬಣವೆಯಲ್ಲಿ ಬೀಡಿ ಹಚ್ಚುವುದೂ ಒಂದೇ. ಚಹಾ ಆರುವ ಮೊದಲೇ ಪಿಟೀಲು ಬೆಂಬಲ ಸಮಿತಿ ರಚನೆಯಾಯಿತು. ಸಂಘದ ಅಧ್ಯಕ್ಷನೇ ಸಮಿತಿಗೂ ಅಧ್ಯಕ್ಷ. ಮೈದಾನದ ಆ ತುದಿಗೆ ಕೇಳುವ ಗಂಟಲು ಅವನದು, ಹಾಗಾಗಿ ಎಲ್ಲರಿಗೂ ಅವನು ಮೈಕು. ಕಂಡಕ್ಟರ್ ಅಕ್ಕ ಕಾರ್ಯದರ್ಶಿ. ಒಬ್ಬ ಸಂಗಾತಿಯ ಉತ್ಸಾಹ ಕುಗ್ಗಿದರೆ ಅದು ಇಡೀ ವರ್ಗದ ಸೋಲು ಎಂದು ಆಕೆ ಅಲ್ಲೇ ಠರಾವು ಓದಿದಳು.

ಅಂದಿನಿಂದ ಪಾಳಿ ಮುಗಿಸಿದವರೆಲ್ಲ ನೇರ ಟೈರಣ್ಣನ ಮನೆಗೆ. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಊರವರ ರವಿಕೆಗಳ ರಾಶಿ. ಅದರ ಸಂದಿನಲ್ಲೇ ಸಮಿತಿ ಚಕ್ಕಳಮಕ್ಕಳ ಹಾಕಿ ಕೂತು, 'ಬೇಕೇ ಬೇಕು, ಪಿಟೀಲು ಬೇಕು' ಎಂದು ಕೂಗಿ ಅಭ್ಯಾಸ ಆರಂಭಿಸುತ್ತಿತ್ತು. ಸರಿಯಾದ ಸ್ವರಕ್ಕೆ ಜಯಕಾರ, ತಪ್ಪಿದ ಸ್ವರಕ್ಕೂ ಜಯಕಾರ, ಹೋರಾಟದಲ್ಲಿ ಹಿನ್ನಡೆ ಸಹಜ ಎಂದು. ಒಂದು ಸಂಜೆ ತಂತಿ ಕಿತ್ತುಹೋಯಿತು. ತಂತಿ ಕಂಪನಿಗೆ ಧಿಕ್ಕಾರ ಕೂಗುತ್ತ ಬೀದಿ ಕೊನೆಯವರೆಗೂ ಮೆರವಣಿಗೆ ಹೊರಟಿತು. ಗಲಾಟೆ ತಡೆಯಲಾರದೆ ಜಗಳಕ್ಕೆ ಬಂದ ಮಹಡಿ ಮನೆಯ ದಲ್ಲಾಳಿಯನ್ನು ಸುತ್ತುವರಿದು ಕೂರಿಸಿಕೊಂಡರು. ಆತ ಏಳುವಾಗ ಸಮಿತಿಯ ಸದಸ್ಯನಾಗಿದ್ದ. ಚಪ್ಪಾಳೆ ಅವನದೇ ಎಲ್ಲರಿಗಿಂತ ಜೋರು.

ಕುತ್ತು ಇದ್ದದ್ದು ಆ ಕಿರುಬೆರಳಿನ ಜಾಗದಲ್ಲಿ. ಧಾಟಿ ಅಲ್ಲಿಗೆ ಹತ್ತಿರವಾದಂತೆ ಸಮಿತಿ ಉಸಿರು ಬಿಗಿಹಿಡಿಯುತ್ತಿತ್ತು. ಇನ್ನೇನು ಬೆರಳು ಎಟುಕಬೇಕು, ಮೈಕು ತಡೆಯಲಾರದೆ "ಬಂತು, ಬಂತು, ಬಿಡಬೇಡ ಟೈರಣ್ಣ" ಎಂದು ಗುಡುಗುತ್ತಿದ್ದ. ಕಮಾನು ಹಾರಿ ಹೋಗಿ ರವಿಕೆ ರಾಶಿಗೆ ಬೀಳುತ್ತಿತ್ತು. ದಿನವೂ ಇದೇ. ಬರಬರುತ್ತ ಟೈರಣ್ಣ ಪೆಟ್ಟಿಗೆಯನ್ನು ಕಣ್ಣಿಗೆ ಬೀಳದಂತೆ ಮೂಲೆಗೆ ತಳ್ಳತೊಡಗಿದ. ಇದನ್ನು ತಂದ ಜಾಗದಲ್ಲೇ, ಒಂಟಿ ಚಪ್ಪಲಿಗಳ ನಡುವೆಯೇ ಇಟ್ಟುಬಿಡುತ್ತೇನೆ ಎಂದ.

ಹೆಂಡತಿ ಬಾಯಿಂದ ಗುಂಡುಸೂಜಿ ತೆಗೆದಳು. "ಪಿಟೀಲು ವಾಪಸ್ ಕೊಡ್ತೀರಂತೆ. ಅವರನ್ನ ವಾಪಸ್ ಕಳಿಸೋಕೆ ಬಾಯಿಲ್ವಾ?"

ಬಾಯಿರಲಿಲ್ಲ. ದೊಡ್ಡ ಮುಷ್ಕರದ ಕಾಲದಲ್ಲಿ ಟೈರಣ್ಣ ಕೆಲಸ ಕಳೆದುಕೊಂಡು ಕೂತಾಗ ಅಕ್ಕಿ ಹೊತ್ತು ತಂದವಳು ಕಂಡಕ್ಟರ್ ಅಕ್ಕ. ಪೊಲೀಸರು ದೊಣ್ಣೆ ಬೀಸಿದಾಗ ಅವನ ಮೇಲೆ ಕವುಚಿ ಬಿದ್ದು ಏಟು ತಿಂದವನು ಮೈಕು. ಏಟಿಗೆ ಬೆನ್ನು ಕೊಟ್ಟವನಿಗೆ ನಿನ್ನ ಬಾಯಿ ಮುಚ್ಚು ಅನ್ನುವುದು ಹೇಗೆ? ಟೈರಣ್ಣ ರಾತ್ರಿಯೆಲ್ಲ ಹೊರಳಾಡಿದ. ಅವನು ಬಲ್ಲ ಭಾಷೆ ಒಂದೇ ಇತ್ತು.

ಮರುದಿನ ಸಂಜೆ ಸಮಿತಿ ಬರುವ ಹೊತ್ತಿಗೆ ಅವನು ತನ್ನ ಮನೆಯ ಮೆಟ್ಟಿಲ ಮೇಲೆ ಚಾಪೆ ಹಾಸಿ ಕೂತಿದ್ದ. ಬಾಗಿಲಿಗೆ ರಟ್ಟು ತೂಗುತ್ತಿತ್ತು: ಅನಿರ್ದಿಷ್ಟ ಕಾಲದ ಮುಷ್ಕರ.

"ಯಾರ ಮೇಲಪ್ಪ?" ಮೈಕು ಕೇಳಿದ.

"ನಿಮ್ಮ ಮೇಲೇ. ನಾನು ನುಡಿಸೋವಾಗ ಯಾರೂ ಕೇಳಬಾರದು. ಅದೇ ಬೇಡಿಕೆ."

ಮೈಕು ಗಡ್ಡ ಕೆರೆದುಕೊಂಡ. ಕಂಡಕ್ಟರ್ ಅಕ್ಕನ ಕಡೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಟೈರಣ್ಣನ ಪಕ್ಕದಲ್ಲೇ ಕೂತ.

"ನ್ಯಾಯವಾದ ಬೇಡಿಕೆ," ಎಂದ. "ಒಬ್ಬನೇ ಕೂತ್ರೆ ತುಳಿದುಬಿಡ್ತಾರೆ. ನಾವಿದ್ದೀವಿ."

ಹಿಂದೆಯೇ ಎಲ್ಲರೂ ಕೂತರು. ಮಹಡಿ ಮನೆಯ ದಲ್ಲಾಳಿಯೂ ಇಳಿದು ಬಂದ. ಬೆಂಬಲ ಸಮಿತಿಗೆ ಧಿಕ್ಕಾರ ಎಂದು ಬೆಂಬಲ ಸಮಿತಿಯೇ ಗಂಟಲು ಹರಿದುಕೊಂಡು ಕೂಗತೊಡಗಿತು. ಅಷ್ಟರಲ್ಲಿ ಮಾತುಕತೆಗೆ ಎದುರು ಪಕ್ಷ ಬೇಕಲ್ಲ ಎಂದು ಕಂಡಕ್ಟರ್ ಅಕ್ಕ ನೆನಪಿಸಿದಳು. ಮೈಕು ಎದ್ದು ರಸ್ತೆ ದಾಟಿ ಆ ಬದಿಯಲ್ಲಿ ನಿಂತು, ಸಮಿತಿಯ ಅಧ್ಯಕ್ಷನಾಗಿ, ಈ ಬೇಡಿಕೆ ಒಪ್ಪಲು ಸಾಧ್ಯವೇ ಇಲ್ಲ ಎಂದು ಘೋಷಿಸಿದ. ಕೂಡಲೇ ಈ ಬದಿಗೆ ಓಡಿ ಬಂದು, ಕೇಳಿದ್ರಾ ಅವರ ಸೊಕ್ಕನ್ನ ಎಂದು ಕೆರಳಿದ. ಹೀಗೆ ಅವನು ಅತ್ತಿಂದಿತ್ತ ಓಡಾಡುವುದಕ್ಕೆ ಸೈಕಲ್ಲಿನವರು ನಿಂತು ದಾರಿ ಬಿಡುತ್ತಿದ್ದರು.

ಟೈರಣ್ಣನಿಗೆ ಬಾಯಾರಿತು. ಎದ್ದು ಒಳಗೆ ಹೋದ. ನೀರು ಕುಡಿದು ಲೋಟ ಇಟ್ಟ. ಪೆಟ್ಟಿಗೆ ಅಲ್ಲೇ ಇತ್ತು. ಹೆಂಡತಿ ಬಾಗಿಲು ಮುಂದಕ್ಕೆ ಎಳೆದಳು. ಹೊರಗೆ ಅವನ ಪರವಾಗಿ, ಅವನನ್ನೇ ಮರೆತು, ಇಡೀ ಬೀದಿ ಕೂಗುತ್ತಿತ್ತು. ಅವನು ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡ. ಕಮಾನು ಎಳೆದ. ಆ ಅಬ್ಬರದಲ್ಲಿ ತನ್ನ ಸ್ವರ ಗದ್ದದ ಮೂಳೆಗೆ ತಟ್ಟಿದರೆ ಉಂಟು, ಕಿವಿಗೆ ಬೀಳುವಂತಿರಲಿಲ್ಲ. ಜಾಗ ಹತ್ತಿರ ಬಂತು. ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಕಿರುಬೆರಳು ಹೋಗಿ ಕೂತಿತು, ಅಳುಕದೆ ಎದ್ದು ಬಂತು. ಧಾಟಿ ಮುಂದೆ ಹರಿದು, ಮೇಡಂ ಹೇಳಿಕೊಟ್ಟಲ್ಲೇ ಹೋಗಿ ನಿಂತಿತು.

ಹೆಂಡತಿ ಯಂತ್ರದ ಪೆಡಲಿನಿಂದ ಕಾಲು ತೆಗೆದಿದ್ದಳು. "ಆಯ್ತಾ?"

"ಆಯ್ತು."

"ನನಗೇನೂ ಕೇಳಿಸ್ಲಿಲ್ಲ."

ಅವನು ಮತ್ತೊಮ್ಮೆ ನುಡಿಸಿದ. ಸುಮ್ಮನೆ, ಮೊದಲ ಸಲದ್ದು ಕಾಕತಾಳೀಯವಲ್ಲ ಎಂದು ಬೆರಳಿಗೆ ತಿಳಿಸಲು.

ಹೊರಗೆ ಬಂದಾಗ ಮೈಕು ಬೆವರಿಳಿದು ಸೋತಿದ್ದ. ಮುಷ್ಕರದ ಜಾಗ ಬಿಟ್ಟು ಹೋಗಬಾರದು ಎಂದು ಗೊತ್ತಿಲ್ಲವೇ ಎಂದು ಮೊದಲು ಗದರಿದ. ಆಮೇಲೆ ಕಿವಿಯ ಹತ್ತಿರ ಬಗ್ಗಿ, ಎದುರು ಪಕ್ಷದವರು ಮೆತ್ತಗಾಗ್ತಿದ್ದಾರೆ, ಇವತ್ತೇ ಒಪ್ಪಿಬಿಡೋ ಹಾಗಿದೆ ಎಂದ.

ಟೈರಣ್ಣ ಗಾಬರಿಯಿಂದ ಅವನ ಮೊಣಕೈ ಹಿಡಿದ. "ಇಷ್ಟು ಬೇಗ ಒಪ್ಪಿದ್ರೆ ಸಮಿತಿ ಮಾನ ಏನಾಗ್ಬೇಕು? ಅವರಿಗೆ ಸ್ವಲ್ಪ ಗಟ್ಟಿಯಾಗಿ ನಿಲ್ಲೋಕೆ ಹೇಳು. ಮಳೆಗಾಲ ಮುಗಿಯೋವರೆಗಾದ್ರೂ."